ನೀರಿಳಿದ ಊರು

ಬೈಲಹೊಂಗಲದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಿಜಗುಣಪ್ಪನವರನ್ನು ಸಂಶೋಧನಾ ಗುಂಪೊಂದಕ್ಕೆ ಎಳೆದವರು ಇತಿಹಾಸ ವಿಭಾಗದ ಹಿನಾಕೌಸರ. ಮುನವಳ್ಳಿಯ ಹತ್ತಿರ ಜಲಾಶಯದಲ್ಲಿ ಮುಳುಗಿದ ಹಳ್ಳಿಯೊಂದು, ಬೇಸಿಗೆಯಲ್ಲಿ ನೀರಿಳಿದಾಗ ಅಷ್ಟಷ್ಟೇ ಮೇಲೆ ಕಾಣುತ್ತಿತ್ತು. ಹಿನಾ ಅವರ ಅಜ್ಜಿ ಬಾನುಬಿ ಆ ಊರಲ್ಲಿ ಬಾಳಿದವರು. ಅಲ್ಲಿಯ ಮನೆಮನೆಯ ಗುರುತು ಹೇಳಬಲ್ಲವರಲ್ಲಿ ಉಳಿದಿದ್ದವರು ಅವರೊಬ್ಬರೇ.

“ಗ್ವಾಡಿ ಗಚ್ಚಿನ್ಯಾಗ ಏನೇನ ಐತಿ, ಎಷ್ಟ ಹಳೇದು ಅಂತ ನೀವ್ ಹೇಳ್ರಿ ಸರ್. ಅದು ಯಾರ ಮನಿ ಅಂತ ನಮ್ಮಜ್ಜಿ ಹೇಳ್ತಾಳ,” ಎಂದಿದ್ದರು ಹಿನಾ.

ನಕ್ಷೆ ಬರೆಯಲು ಭೂಗೋಳದ ಅಧ್ಯಾಪಕ ಸುಭಾಸ ಕೂಡಿಕೊಂಡರು. ಶನಿವಾರ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಮೂವರೂ ಕುಳಿತು ಚಹಾ ಆರುವವರೆಗೆ ವಾದಿಸುತ್ತಿದ್ದರು. ನಿಜಗುಣಪ್ಪನವರಿಗೆ ಕೆಲಸ ಅಷ್ಟು ಹಿಗ್ಗು ತಂದದ್ದು ಅದೇ ಮೊದಲು. ಆ ಬೇಸಿಗೆ ಊರಿನ ಅಂಚಷ್ಟೇ ಕಂಡಿತು. ಗೋಡೆಗಳ ಸುಣ್ಣದ ಗಚ್ಚಿನ ಚೂರು ತಂದು ಪರೀಕ್ಷಿಸಿದರು. ಮುಂದಿನ ಸಲ ಬಾನುಬಿಯವರನ್ನೇ ಕರೆದೊಯ್ಯುವುದೆಂದಾಯಿತು.

“ನಮ್ಮ ಹೊಸ್ತಲಾ ಕಣ್ಮುಚ್ಚಿದ್ರೂ ಗುರ್ತ ಹಿಡಿತೇನಿ,” ಎನ್ನುತ್ತ ಮುದುಕಿ ವರ್ಷವಿಡೀ ಕಾದರು.

ಅಷ್ಟರಲ್ಲಿ ಹೊಸ ಪ್ರಾಚಾರ್ಯರು ಬಂದರು. ತುಂಬಿದ ಸಭೆಯಲ್ಲಿ ಅವರು ಕೇಳಿದರು: “ನಿಜಗುಣಪ್ಪ ಸರ್, ಮುದುಕರ ಮಾತಿಗೂ ನಿಮ್ಮ ಕೆಮಿಸ್ಟ್ರಿಗೂ ಏನ್ ಸಂಬಂಧರಿ? ಈ ಗುಂಪು ನಡೀಬೇಕೋ, ಬ್ಯಾಡೋ?”

ವಿಭಾಗದ ಮುಖ್ಯಸ್ಥರಾಗುವ ಸರದಿ ನಿಜಗುಣಪ್ಪನವರದಿತ್ತು; ನೇಮಕ ಪ್ರಾಚಾರ್ಯರ ಕೈಯಲ್ಲಿತ್ತು. ಸಭೆಯಲ್ಲಿದ್ದ ಹಿನಾ ನಿಜಗುಣಪ್ಪನವರ ಮುಖವನ್ನೇ ನೋಡುತ್ತಿದ್ದರು.

“ತಾವು ಹೆಂಗ ಹೇಳ್ತೀರಿ ಹಂಗರಿ,” ಎಂದುಬಿಟ್ಟರು ನಿಜಗುಣಪ್ಪ.

ಗುಂಪು ಅಂದೇ ನಿಂತಿತು, ಪ್ರವಾಸ ರದ್ದಾಯಿತು. ಹಿನಾ ಜಗಳವಾಡಲಿಲ್ಲ. “ಅಜ್ಜಿಗೆ ಏನಂತ ಹೇಳ್ಲಿರಿ ಸರ್?” ಎಂದಷ್ಟೇ ಕೇಳಿದರು. ತಾವೇ ಅಜ್ಜಿಯನ್ನು ಕರೆದೊಯ್ಯಬೇಕೆನ್ನುವಷ್ಟರಲ್ಲಿ ಮಳೆ ಬೇಗ ಹಿಡಿದು ಹಿನ್ನೀರು ಏರಿತು. ಆ ಚಳಿಗಾಲದಲ್ಲಿ ಬಾನುಬಿ ತೀರಿಕೊಂಡರು. ಹಿನಾ ರಾಮದುರ್ಗದ ಕಾಲೇಜಿಗೆ ವರ್ಗವಾಗಿ ಹೋದರು.

ಮುಖ್ಯಸ್ಥರಾದ ನಿಜಗುಣಪ್ಪ ಕಳೆದ ಬೇಸಿಗೆ ಒಬ್ಬರೇ ಅಲ್ಲಿಗೆ ಹೋದರು. ಊರಿಗೆ ಊರೇ ಮೇಲೆದ್ದಿತ್ತು. ಬಿರಿದ ಕೆಸರಿನ ನಡುವೆ ಓಣಿಗಳು, ಮೋಟು ಗೋಡೆಗಳು, ಸಾಲು ಸಾಲು ಕಲ್ಲಿನ ಹೊಸ್ತಿಲು. ಒಂದೊಂದನ್ನೂ ದಾಟುತ್ತ ಬಾನುಬಿಯ ಮನೆ ಇದಿರಬಹುದೇ ಎಂದು ನಿಂತರು. ಹೇಳುವವರಿರಲಿಲ್ಲ. ಅಲ್ಲಿಂದಲೇ ಹಿನಾಗೆ ಫೋನ್ ಮಾಡಿದರು.

“ಮೇಡಂ, ನೀರ ಪೂರಾ ಇಳದೈತಿ. ಅವತ್ತ ನಾ ಮಾತಾಡಬೇಕಿತ್ತು, ಮಾತಾಡ್ಲಿಲ್ಲ. ಬರ್ರಿ, ಮತ್ತ ಶುರು ಮಾಡೋಣು.”

ಹಿನಾ ಅಂದರು: “ನೀವ್ ಕರದದ್ದು ಚಲೋ ಆತ್ರಿ ಸರ್. ಆದ್ರ ಬಂದು ನಾ ಯಾರನ್ನ ಕೇಳ್ಲಿ?”

ಮುಂದಿನ ವಾರ ನಿಜಗುಣಪ್ಪ ಸುಭಾಸರನ್ನು ಕರೆದುಕೊಂಡು ಹೋಗಿ ನಕ್ಷೆ ಪೂರ್ತಿ ಮಾಡಿದರು. ಯಾವ ಮನೆಗೂ ಹೆಸರು ಬರೆಯಲಾಗಲಿಲ್ಲ.