ತೆರೆದೇ ಇದ್ದ ಆಕೆಯ ಖಾತೆ

ನಾನು ಪಾಠ ಮಾಡುವ ಕಾಲೇಜು ಅಟ್ಟೂರಿನ ಆಚೆ ಇದೆ. ಬ್ಯಾಟರಾಯನಪುರದ ನನ್ನ ಮನೆಯಿಂದ ಎರಡು ಬಸ್ಸು ಹಿಡಿಯಬೇಕು. ಅಲ್ಲಿ ನಡೆದದ್ದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಕಾಣದೆ ಊಹಿಸಿದ್ದೆಷ್ಟು ಎಂಬುದನ್ನು ಬೇರ್ಪಡಿಸಿ ಬರೆಯಲು ಪ್ರಯತ್ನಿಸುತ್ತೇನೆ. ಇಷ್ಟು ಕಾಲ ಬರೆಯದೆ ಇದ್ದದ್ದು ಅವೆರಡೂ ನನ್ನೊಳಗೆ ಬೆರೆತುಹೋಗುತ್ತಿದ್ದುದರಿಂದ.

ನಮ್ಮ ವಿಭಾಗದ ಸ್ಟಾಫ್ ರೂಮಿನಲ್ಲಿ ಇರುವುದು ಒಂದೇ ಕಂಪ್ಯೂಟರ್. ವಿದ್ಯಾರ್ಥಿಗಳ ಹಾಜರಿ, ಇಂಟರ್ನಲ್ ಅಂಕಗಳು ಎಲ್ಲವೂ ಒಂದು ಆನ್‌ಲೈನ್ ಶೀಟಿನಲ್ಲಿರುತ್ತವೆ. ಅದನ್ನು ನಾವೆಲ್ಲರೂ ನೋಡಬಹುದು, ನಾವೆಲ್ಲರೂ ತಿದ್ದಬಹುದು. ಪ್ರತಿಯೊಬ್ಬರಿಗೂ ಕಾಲೇಜು ಒಂದೊಂದು ಖಾತೆ ಕೊಟ್ಟಿದೆ. ಯಾರ ಖಾತೆಯಿಂದ ಯಾವ ಅಂಕಿ ಬದಲಾಯಿತು, ಯಾರ ಖಾತೆ ಯಾವಾಗ ಶೀಟನ್ನು ತೆರೆದು ನೋಡಿತು ಎಂಬುದು ತಾನಾಗಿಯೇ ದಾಖಲಾಗುತ್ತದೆ. ಈ ದಾಖಲೆಯನ್ನು ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ತೆರೆದು ನೋಡಿರಲಿಲ್ಲ.

ನಮ್ಮ ಜೊತೆ ಬಾಗಲಕೋಟೆ ಕಡೆಯ ಒಬ್ಬಳು ಹುಡುಗಿ ಇದ್ದಳು. ಹುಡುಗಿ ಎಂದರೂ ಉಪನ್ಯಾಸಕಿಯೇ. ತಾತ್ಕಾಲಿಕ ಹುದ್ದೆ. ಆ ವರ್ಷ ಖಾಯಂ ಮಾಡುತ್ತೇವೆ ಎಂದು ಪ್ರಿನ್ಸಿಪಾಲರು ಬಾಯಿಮಾತಿನಲ್ಲಿ ಹೇಳಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಂಪ್ಯೂಟರ್ ಹಾಕಿ ತನ್ನ ಖಾತೆ ತೆರೆಯುತ್ತಿದ್ದಳು. ಸಂಜೆಯವರೆಗೆ ಅದು ಹಾಗೆಯೇ ತೆರೆದಿರುತ್ತಿತ್ತು. ಉಳಿದವರಿಗೆ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ. ಹೊಸದು ಬೇಕೆಂದರೆ ಫೋನಿಗೆ ಸಂಖ್ಯೆ ಬರಬೇಕು, ಫೋನ್ ಬ್ಯಾಗಿನಲ್ಲಿ, ಬ್ಯಾಗು ಬೀರುವಿನಲ್ಲಿ. ಅಷ್ಟೆಲ್ಲ ಯಾಕೆ ಎಂದು ಎಲ್ಲರೂ ಅವಳ ಖಾತೆಯಲ್ಲೇ ತಮ್ಮ ತಮ್ಮ ಹಾಜರಿ ತುಂಬುತ್ತಿದ್ದರು. ನಾನೂ ತುಂಬಿದ್ದೇನೆ.

“ಏಳು ತಾಯಿ, ನಿನ್ನ ಹೆಸರಲ್ಲಿ ನಾನೂ ಒಂದಿಷ್ಟು ಪುಣ್ಯ ಕಟ್ಕೋತೀನಿ” ಎನ್ನುತ್ತಿದ್ದರು ನಮ್ಮ ವಿಭಾಗದ ಹಿರಿಯ ಮೇಷ್ಟ್ರು.

“ಕಟ್ಕೋರಿ ಸರ. ಪಾಪ ಇದ್ರ ಮಾತ್ರ ನಿಮ್ಮ ಹೆಸರಿಗೇ ಹಾಕ್ಕೋರಿ” ಎಂದು ಅವಳು ಕುರ್ಚಿ ಬಿಟ್ಟುಕೊಡುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು.

ಒಮ್ಮೆ ಅವಳು ಕ್ಲಾಸಿಗೆ ಹೋಗುವಾಗ ಖಾತೆ ಮುಚ್ಚಿ ಹೋಗಿದ್ದಳು. ವಾಪಸ್ ಬಂದಾಗ ಅದೇ ಮೇಷ್ಟ್ರು, “ಏನಮ್ಮಾ, ಬೀಗ ಹಾಕ್ಕೊಂಡ್ ಹೋಗ್ಬಿಟ್ಟಿದೀಯ? ನಾವೇನ್ ಕಳ್ಳರಾ?” ಎಂದರು. ತಮಾಷೆಯ ದನಿಯಲ್ಲೇ ಅಂದದ್ದು. ಆದರೆ ಆ ಸಲ ಯಾರೂ ನಗಲಿಲ್ಲ, ಅವಳ ಮುಖ ಕೆಂಪಾಯಿತು. ಅವತ್ತಿನಿಂದ ಅವಳು ಸಂಜೆ ಹೊರಡುವಾಗಲೂ ಖಾತೆ ಮುಚ್ಚಲಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಲಾಗೌಟ್ ಮಾಡುವುದೆಂದರೆ ಜೊತೆಯವರನ್ನು ಅನುಮಾನಿಸಿದ ಹಾಗೆ. ಹಾಗೆಂದು ಯಾರೂ ಬರೆದು ಅಂಟಿಸಿರಲಿಲ್ಲ, ಅಷ್ಟೇ.

ಪರೀಕ್ಷೆ ಹತ್ತಿರ ಬಂದಿದ್ದ ಒಂದು ದಿನ ಅವಳಿಗೆ ಹಲ್ಲುನೋವು ತಡೆಯಲಾಗದಷ್ಟಾಯಿತು. ದವಡೆ ಊದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ನಾನೇ ಅವಳನ್ನು ಆಟೋದಲ್ಲಿ ಯಲಹಂಕ ನ್ಯೂಟೌನಿನ ದಂತವೈದ್ಯರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ಹಲ್ಲು ಕೀಳಲೇಬೇಕು ಎಂದರು. ಅವಳು ತನ್ನ ಬ್ಯಾಗನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಫೋನ್ ಬ್ಯಾಗಿನಲ್ಲಿತ್ತು. ಅದು ನನಗೆ ಗೊತ್ತು, ಏಕೆಂದರೆ ನಡುವೆ ಅವಳ ತಾಯಿಯ ಕರೆ ಬಂತು, ತೆಗೆದು ನಾನೇ ಮಾತಾಡಿದೆ. ಅವಳು ಬಾಯಿ ತುಂಬ ಹತ್ತಿ ಇಟ್ಟುಕೊಂಡು ಹೊರಗೆ ಬಂದಾಗ ಸಂಜೆಯಾಗುತ್ತ ಬಂದಿತ್ತು. ಅಲ್ಲಿಂದ ನೇರವಾಗಿ ಅವಳ ಪಿಜಿಗೆ ಬಿಟ್ಟೆ. ಕಾಲೇಜಿನಲ್ಲಿ ಕಂಪ್ಯೂಟರ್ ಆನ್ ಇತ್ತು. ಅವಳ ಖಾತೆ ತೆರೆದಿತ್ತು. ಇದನ್ನೂ ನಾನು ಕಂಡಿದ್ದೇನೆ, ಹೊರಡುವಾಗ ಪರದೆಯ ಮೇಲೆ ಶೀಟು ಹಾಗೆಯೇ ಇತ್ತು.

ಕೆಲವು ದಿನಗಳ ನಂತರ ಒಬ್ಬ ವಿದ್ಯಾರ್ಥಿನಿಯ ತಂದೆ ಪ್ರಿನ್ಸಿಪಾಲರ ಕೊಠಡಿಗೆ ಬಂದು ಗಲಾಟೆ ಮಾಡಿದರು. ಹಾಜರಿ ಕಡಿಮೆ ಎಂದು ಅವರ ಮಗಳನ್ನು ಪರೀಕ್ಷೆಗೆ ಕೂರಿಸಿರಲಿಲ್ಲ. ಅವಳಿಗಿಂತ ಕಡಿಮೆ ಕ್ಲಾಸಿಗೆ ಬಂದ ಒಬ್ಬನಿಗೆ ಹಾಲ್ ಟಿಕೆಟ್ ಸಿಕ್ಕಿತ್ತು. ಅವನು ಕಾಲೇಜು ಟ್ರಸ್ಟಿನವರ ಸಂಬಂಧಿಕರ ಮನೆಯವನು. ಆಗ ಮೊದಲ ಬಾರಿಗೆ ಶೀಟಿನ ಹಿಂದಿನ ದಾಖಲೆ ತೆರೆದು ನೋಡಿದರು. ಅವನ ಹಾಜರಿಯ ಅಂಕಿಗಳು ಬದಲಾಗಿದ್ದವು. ಬದಲಾದದ್ದು ಹಲ್ಲು ಕೀಳಿಸಿದ ಆ ಮಧ್ಯಾಹ್ನ. ಪಕ್ಕದಲ್ಲಿ ಇದ್ದದ್ದು ಅವಳ ಹೆಸರು.

ವಿಚಾರಣೆಗೆ ಪ್ರಿನ್ಸಿಪಾಲರು, ಟ್ರಸ್ಟಿನ ಕಾರ್ಯದರ್ಶಿ ಮತ್ತು ಕಂಪ್ಯೂಟರ್ ವಿಭಾಗದ ಒಬ್ಬರು ಕುಳಿತಿದ್ದರು. ಕಾರ್ಯದರ್ಶಿ ಆ ಊರಿನ ಹಳೆಯ ಮನೆತನದವರು, ಕಾಲೇಜು ನಿಂತಿರುವುದೇ ಅವರ ರಾಗಿ ಹೊಲದಲ್ಲಿ. ಕೆಟ್ಟ ಮಾತಾಡಿದವರಲ್ಲ. ಅವಳು ನನ್ನನ್ನು ಸಾಕ್ಷಿಯಾಗಿ ಕೇಳಿದ್ದರಿಂದ ನನ್ನನ್ನೂ ಒಳಗೆ ಕರೆದರು. ಅವಳು ಗೋಡೆ ಪಕ್ಕದ ಕುರ್ಚಿಯಲ್ಲಿದ್ದಳು. ದವಡೆಯ ಊತ ಪೂರ್ತಿ ಇಳಿದಿರಲಿಲ್ಲ.

“ಅಲ್ಲಮ್ಮ, ನಿನ್ ಎಸ್ರೇ ಇಂಗೆ ಎದ್ದು ಕಾಣ್ತಾ ಐತೆ. ಇನ್ನೇನ್ ಏಳ್ತೀಯ?” ಎಂದರು ಕಾರ್ಯದರ್ಶಿ.

“ಹೆಸರ ನಂದೇ ರೀ. ಮಾಡಿದಾಕಿ ನಾ ಅಲ್ರೀ. ಅವತ್ತ ನಾ ಕಾಲೇಜಿನ್ಯಾಗ ಇರ್ಲೇ ಇಲ್ಲ. ಅಕ್ಕಾರನ್ನ ಕೇಳ್ರಿ.”

ನಾನು ಕಂಡದ್ದನ್ನು ಹೇಳಿದೆ. ಊಟದ ಹೊತ್ತಿಗೆ ಹೊರಟದ್ದು, ಆಸ್ಪತ್ರೆ, ಹಲ್ಲು, ಪಿಜಿ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವಳ ಖಾತೆಯನ್ನೇ ಬಳಸುತ್ತೇವೆ, ನಾನೂ ಬಳಸಿದ್ದೇನೆ ಎಂದೂ ಹೇಳಿದೆ. ಪ್ರಿನ್ಸಿಪಾಲರು ತಾಳ್ಮೆಯಿಂದ ಕೇಳಿಸಿಕೊಂಡರು.

“ಮೇಡಂ, ಈ ಶೀಟು ಫೋನಲ್ಲೂ ಓಪನ್ ಆಗತ್ತೆ, ಅಲ್ವಾ?”

“ಆಗುತ್ತೆ ಸರ್. ಆದರೆ ಅವಳ ಫೋನ್ ನನ್ನ ಹತ್ರ ಇತ್ತು. ಬ್ಯಾಗಲ್ಲಿ.”

“ಇಡೀ ಹೊತ್ತು ನಿಮ್ಮ ಹತ್ರಾನೇ ಇತ್ತಾ?”

“ಇತ್ತು.”

“ನೀವು ಇಡೀ ಹೊತ್ತು ಬ್ಯಾಗನ್ನೇ ನೋಡ್ತಾ ಇದ್ರಾ?”

ನಾನು ಯೋಚಿಸಿದೆ. ಬ್ಯಾಗು ನನ್ನ ತೊಡೆಯ ಮೇಲಿತ್ತು. ನಡುವೆ ಒಂದು ಸಲ ಅದನ್ನು ಕುರ್ಚಿಯ ಮೇಲಿಟ್ಟು ನೀರು ಕುಡಿಯಲು ಹೋಗಿದ್ದೆ. ಆಗ ಅವಳು ಒಳಗೆ ಡಾಕ್ಟರ ಮುಂದೆ ಬಾಯಿ ತೆರೆದು ಮಲಗಿದ್ದಳು. ಅದನ್ನೂ ಹಾಗೆಯೇ ಹೇಳಿದೆ. ಪ್ರಿನ್ಸಿಪಾಲರು ತಲೆಯಾಡಿಸಿ ಏನೋ ಟೈಪ್ ಮಾಡಿದರು. ಆಮೇಲೆ ಓದಿದಾಗ ಅಲ್ಲಿ ಇದ್ದದ್ದು ಇಷ್ಟು: ಫೋನಿನ ಮೇಲೆ ಸಾಕ್ಷಿಯ ಗಮನ ಪೂರ್ತಿ ಸಮಯ ಇರಲಿಲ್ಲ.

ಬದಲಾವಣೆ ಆದದ್ದು ಯಾವ ಕಂಪ್ಯೂಟರಿನಿಂದ ಎಂದು ಹೇಳಲಾಗುವುದಿಲ್ಲವೇ ಎಂದು ಕಂಪ್ಯೂಟರ್ ವಿಭಾಗದವರನ್ನು ಕೇಳಿದೆ. ಅವರು ಪ್ರಿನ್ಸಿಪಾಲರ ಕಡೆ ನೋಡಿದರು.

“ಅದು ಬೇರೆ ಲಾಗ್ ಮೇಡಂ. ತೆಗೀಬೇಕು ಅಂದ್ರೆ ಮೇಲಿಂದ ಹೇಳ್ಬೇಕು.”

ಮೇಲಿನವರು ಅಲ್ಲೇ ಕುಳಿತಿದ್ದರು. ಯಾರೂ ಹೇಳಲಿಲ್ಲ.

ವಿಭಾಗದ ಎಲ್ಲರೂ ತಮಗೆ ಗೊತ್ತಿದ್ದನ್ನು ಒಂದು ಆನ್‌ಲೈನ್ ದಾಖಲೆಯಲ್ಲಿ ಬರೆಯಬೇಕೆಂದು ಆದೇಶ ಬಂತು. ನಾನು ಎಲ್ಲರಿಗಿಂತ ಮೊದಲು ಬರೆದೆ. ಸ್ಟಾಫ್ ರೂಮಿನ ಪದ್ಧತಿಯನ್ನು ಬಿಡಿಸಿ ಬರೆದೆ. ಆ ಹೊತ್ತಿಗೆ ದಾಖಲೆಯನ್ನು ಯಾರ್‍ಯಾರು ನೋಡಿದ್ದಾರೆ ಎಂದು ತಿಳಿಯುವುದು ಹೇಗೆ ಎಂಬುದನ್ನು ನಾನೂ ಕಲಿತಿದ್ದೆ. ಮರುದಿನ ತೆರೆದೆ. ವಿಭಾಗದ ಎಲ್ಲರ ಹೆಸರೂ ಇತ್ತು, ಈ ಸಲ ಅವರವರ ಖಾತೆಯಿಂದಲೇ. ಅಂದರೆ ನಾನು ಬರೆದದ್ದನ್ನು ಎಲ್ಲರೂ ಓದಿದ್ದರು. ಓದಿದ ಮೇಲೆ ಒಬ್ಬೊಬ್ಬರಾಗಿ ತಮ್ಮದನ್ನು ಬರೆದಿದ್ದರು. ಅವಳ ಖಾತೆ ಬಳಸಿದ ನೆನಪಿಲ್ಲ. ಈ ವಿಷಯ ನನ್ನ ಗಮನಕ್ಕೆ ಬಂದಿಲ್ಲ. ನಾನು ನನ್ನ ಖಾತೆಯಿಂದಲೇ ಕೆಲಸ ಮಾಡುತ್ತೇನೆ. ಕಾರಿಡಾರಿನಲ್ಲಿ ಹಿರಿಯ ಮೇಷ್ಟ್ರು ಎದುರಾದರು. ನಾನು ಏನೂ ಕೇಳಿರಲಿಲ್ಲ.

“ನಂಗೆ ರಿಟೈರ್ ಆಗೋಕೆ ಇನ್ನು ಸ್ವಲ್ಪ ದಿನ ಇದೆ ಮೇಡಂ” ಎಂದು ಹೇಳಿ ಮುಂದೆ ಹೋದರು.

ಅಂಕಿ ಬದಲಿಸಿದ್ದು ಯಾರು ಎಂದು ನನಗೆ ಗೊತ್ತಿಲ್ಲ. ಅನುಮಾನ ಇದೆ. ಅದು ನಾನು ಕಂಡದ್ದಲ್ಲ, ಆದ್ದರಿಂದ ಬರೆಯುವುದಿಲ್ಲ.

ಅವಳನ್ನು ಕೆಲಸದಿಂದ ತೆಗೆದರು. ಅನುಭವ ಪ್ರಮಾಣಪತ್ರ ಕೊಡಲಾಗುವುದಿಲ್ಲ ಎಂದೂ ಪತ್ರದಲ್ಲಿತ್ತು. ಕೆಲಸ ಹೋದದ್ದಕ್ಕಿಂತ ಅದೇ ಅವಳನ್ನು ಹೆಚ್ಚು ಹೆದರಿಸಿತು. ಅದಿಲ್ಲದೆ ಬೇರೆ ಕಾಲೇಜಿನವರು ಅರ್ಜಿಯನ್ನೇ ನೋಡುವುದಿಲ್ಲ. ಯಶವಂತಪುರದಲ್ಲಿ ರೈಲು ಹತ್ತಿಸಲು ನಾನು ಹೋಗಿದ್ದೆ. ಬೋಗಿಯ ಬಾಗಿಲಲ್ಲಿ ನಿಂತು ಅವಳು, “ನಮ್ಮವ್ವಗ ಏನಂತ ಹೇಳ್ಲಿ ಅಕ್ಕಾರ? ಹಲ್ಲ ಕೀಳಿಸ್ಕೊಳ್ಳಾಕ ಹೋಗಿ ನೌಕರಿನೂ ಕೀಳಿಸ್ಕೊಂಡ್ನಿ ಅಂತ ಹೇಳ್ಲೇನು?” ಎಂದಳು. ನಗಲು ಹೋದಳು, ಆಗಲಿಲ್ಲ.

ಮುಂದಿನ ಸೆಮಿಸ್ಟರ್ ಶುರುವಾಯಿತು. ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಕುಳಿತು ನನ್ನ ಲ್ಯಾಪ್‌ಟಾಪಿನಲ್ಲಿ ಹಾಜರಿ ಶೀಟು ತೆರೆದೆ. ಈಗ ಶೀಟು ತೆರೆದ ಕೂಡಲೇ ಅದರ ದಾಖಲೆ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಆ ಬೆಳಿಗ್ಗೆ ತುಂಬಿದ ಹಾಜರಿಯ ಪಕ್ಕದಲ್ಲಿ ಅವಳ ಹೆಸರಿತ್ತು.

ಮೊದಲು ಅರ್ಥವಾಗಲಿಲ್ಲ. ಮತ್ತೆ ನೋಡಿದೆ. ಹಿಂದಿನ ದಿನವೂ ಇತ್ತು, ಅದರ ಹಿಂದಿನ ದಿನವೂ. ಅವಳ ಖಾತೆಯನ್ನು ಯಾರೂ ಮುಚ್ಚಿರಲಿಲ್ಲ. ಸ್ಟಾಫ್ ರೂಮಿಗೆ ಹೋಗಿ ನೋಡಿದೆ, ಅಲ್ಲಿನ ಕಂಪ್ಯೂಟರಿನಲ್ಲಿ ಅದು ಹಾಗೆಯೇ ತೆರೆದಿತ್ತು. ತನ್ನ ಊರಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದವಳ ಹೆಸರಿನಲ್ಲಿ ನಮ್ಮವರು ದಿನವೂ ಹಾಜರಿ ತುಂಬುತ್ತಿದ್ದರು. ಲ್ಯಾಪ್‌ಟಾಪನ್ನು ಹಾಗೆಯೇ ಎತ್ತಿಕೊಂಡು ಪ್ರಿನ್ಸಿಪಾಲರ ಕೊಠಡಿಗೆ ಹೋದೆ. ಕಾರ್ಯದರ್ಶಿಯೂ ಅಲ್ಲಿದ್ದರು.

“ಸರ್, ಅವಳು ಇಲ್ಲಿಲ್ಲ. ಆದರೂ ಅವಳ ಹೆಸರಲ್ಲಿ ಬರೀತಿದ್ದಾರೆ. ನಾನು ಅವತ್ತು ಹೇಳಿದ್ದು ಇದನ್ನೇ.”

ಪ್ರಿನ್ಸಿಪಾಲರು ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿ ಆ ಖಾತೆಯನ್ನು ಕೂಡಲೇ ಮುಚ್ಚಿ ಎಂದರು.

“ಒಳ್ಳೇದಾಯ್ತು ಮೇಡಂ, ತಿಳಿಸಿದ್ದು. ಇದೊಂದು ದೊಡ್ಡ ಲೋಪ.”

“ಹಾಗಾದ್ರೆ ಅವಳ ವಿಷಯ ಸರ್?”

“ಇದು ಈಗಿಂದು ಮೇಡಂ. ಅದು ಆಗಿಂದು. ಅವತ್ತೂ ಹೀಗೇ ಆಗಿತ್ತು ಅಂತ ಇದ್ರಿಂದ ಹೇಳೋಕಾಗಲ್ಲ.”

ಕಾರ್ಯದರ್ಶಿ ನನ್ನ ಮುಖ ನೋಡಿ ಮೆಲ್ಲಗೆ, “ಓಗ್ಲಿ ಬಿಡಮ್ಮ. ಒಂಟೋದೋಳು ಒಂಟೋದ್ಲು. ನೀನ್ಯಾಕೆ ಇಂಗೆ ಒದ್ದಾಡ್ತೀಯ?” ಎಂದರು. ಅವರ ದನಿಯಲ್ಲಿ ನಿಜವಾಗಿಯೂ ಕನಿಕರವಿತ್ತು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಆ ಸಂಜೆ ಅವಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

“ಹಂಗಾರ ಇಷ್ಟ ದಿನಾ ನಾ ಅಲ್ಲೇ ಕೆಲಸಾ ಮಾಡಾಕತ್ತಿದ್ನಿ ಅನ್ರಿ. ಪಗಾರ ಒಂದ ಇರ್ಲಿಲ್ಲ.” ಆಮೇಲೆ ಕೇಳಿದಳು, “ಈಗಾರ ಸರ್ಟಿಫಿಕೇಟ್ ಕೊಡ್ತಾರೇನ್ರಿ?”

ಇಲ್ಲ ಎಂದೆ. ಅವಳ ಊರಿನ ಹತ್ತಿರದ ಒಂದು ಕಾಲೇಜಿನಲ್ಲಿ ಸಂದರ್ಶನ ಇದೆಯಂತೆ, ಅಲ್ಲಿ ಅದನ್ನೇ ಕೇಳುತ್ತಿದ್ದಾರಂತೆ. ನಾನು ಒಂದು ಹಾಳೆಯಲ್ಲಿ, ಇವಳ ಜೊತೆ ಕೆಲಸ ಮಾಡಿದ್ದೇನೆ, ಇವಳ ಪಾಠವನ್ನು ಪಕ್ಕದ ಕೊಠಡಿಯಿಂದ ದಿನವೂ ಕೇಳಿದ್ದೇನೆ ಎಂದು ಕೈಯಾರೆ ಬರೆದು, ಸಹಿ ಮಾಡಿ ಕಳಿಸಿದೆ. ಆ ಕಾಲೇಜಿನವರು ಅದನ್ನು ಓದಿದರಂತೆ. ಕಾಲೇಜಿನ ಮೊಹರು ಇಲ್ಲವಲ್ಲ ಎಂದು ಮಡಚಿ ವಾಪಸ್ ಕೊಟ್ಟರಂತೆ. ಈಗ ಅವಳು ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಾಳೆ. ನಾನು ಫೋನ್ ಮಾಡಿದರೆ ಮಾತಾಡುತ್ತಾಳೆ. ತಾನಾಗಿ ಮಾಡುವುದಿಲ್ಲ.