ಡಿಪೋದಲ್ಲಿ ನಿಂತಿದ್ದ ಬಸ್ಸಿನಲ್ಲಿ ಅಕ್ಕ ಬಂದದ್ದು

ಇಂಥ ಕಥೆ ಯಾರಾದರೂ ಹೇಳಿದರೆ ಅವರ ಮುಖದ ಮುಂದೆಯೇ ನಗುತ್ತಿದ್ದವನು ನಾನು. ಕಂಪ್ಯೂಟರ್ ಕಲಿಸಿ ಬದುಕುತ್ತಿದ್ದವನಿಗೆ ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆಂಬ ಸೊಕ್ಕು. ಈಗ ನೀವು ನಕ್ಕರೂ ನನ್ನ ತಕರಾರಿಲ್ಲ.

ಆಗ ಎಲ್ಲರ ಕೈಗೂ ಮೊಬೈಲು ಬಂದ ಹೊಸತು. ಕಮಲಾಪುರದಿಂದ ಹೊರಟ ಬಸ್ಸು ಇನ್ನೆಷ್ಟು ನಿಮಿಷಕ್ಕೆ ಕಲಬುರಗಿ ಮುಟ್ಟುತ್ತದೆಂದು ತೋರಿಸುವ ಸಣ್ಣದೊಂದು ವೆಬ್ ಪುಟವನ್ನು ಜೇವರ್ಗಿ ಕಾಲೋನಿಯ ಮನೆಯಲ್ಲೇ ಕೂತು ಮಾಡಿದ್ದೆ. ಕಮಲಾಪುರದ ಸ್ಟ್ಯಾಂಡಿನಲ್ಲಿ ಚಹಾ ಮಾರುವ ಮಹಬೂಬ ಚಾಚಾ ಬಸ್ಸು ಬಿಟ್ಟ ಕೂಡಲೇ ಅದರ ನಂಬರನ್ನು ಮೆಸೇಜ್ ಮಾಡುತ್ತಿದ್ದರು. ನಡುದಾರಿಯ ಪೆಟ್ರೋಲ್ ಬಂಕಿನ ಗುಮಾಸ್ತ ಇನ್ನೊಂದು ಕಳಿಸುತ್ತಿದ್ದ. ಅವು ನನ್ನ ಕಂಪ್ಯೂಟರಿಗೆ ಜೋಡಿಸಿದ ಮೊಬೈಲಿಗೆ ಬಂದಂತೆ ಪುಟದಲ್ಲಿ ಸಮಯ ಬದಲಾಗುತ್ತಿತ್ತು. ಇದನ್ನು ಬಸ್ ಸ್ಟ್ಯಾಂಡಿನಲ್ಲಿ ಹಾಕಿಸಬೇಕೆಂದು ವರ್ಷವಿಡೀ ಅಲೆದ ಮೇಲೆ ಡಿಪೋದ ಒಬ್ಬ ಅಧಿಕಾರಿ ನೋಡಲು ಮನೆಗೇ ಬಂದರು.

ಮಧ್ಯಾಹ್ನ ಎರಡು ಗಂಟೆ ದಾಟಿದಾಗ ಚಾಚಾರ ಮೆಸೇಜ್ ಬಂತು. ಮೂರೂಕಾಲಿಗೆ ಬಸ್ಸು ಕಲಬುರಗಿಯಲ್ಲಿ ಎಂದು ಪುಟ ತೋರಿಸಿತು. ನಂಬರು ನೋಡಿ ಅಧಿಕಾರಿ ನಕ್ಕುಬಿಟ್ಟರು.

“ಈ ಗಾಡಿ ಮುಂಜಾನಿಂದ ಗಾಲಿ ಬಿಚ್ಚಿ ಡಿಪೋದಾಗ ನಿಲ್ಲಿಸ್ಯಾರ್ರೀ. ಆ ಹೊತ್ತಿಗಿ ಬ್ಯಾರೆ ಬಸ್ಸೂ ಇಲ್ಲ. ನಾವು ಬಿಡಲಾರದ ಬಸ್ಸು ನಿಮ್ಮ ಕಂಪ್ಯೂಟರ್ ಬಿಡ್ತದೇನು?”

ಸಿಟ್ಟಿನಲ್ಲಿ ಚಾಚಾರಿಗೆ ಫೋನ್ ಹಚ್ಚಿದೆ. “ಖುದ್ದು ನೋಡೀನ್ರೀ ಸಾಹೇಬ್ರ. ನಿಮ್ಮ ಅಕ್ಕಾರಿಗಿ ನಾನೇ ಹತ್ತಿಸೀನಿ,” ಅಂದರು.

ಅಕ್ಕ ಬಂದು ಹೇಳಲೆಂದು, ಏಳುತ್ತಿದ್ದ ಅಧಿಕಾರಿಯನ್ನು ಇನ್ನೊಮ್ಮೆ ಚಹಾ ಮಾಡಿಸಿ ಕೂರಿಸಿಕೊಂಡೆ. ಬಂಕಿನ ಗುಮಾಸ್ತನ ಮೆಸೇಜ್ ಮಾತ್ರ ಬರಲೇ ಇಲ್ಲ. ಮೂರೂವರೆಗೆ ಕಮಲಾಪುರದ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಎರಡರ ಬಸ್ಸಿಗೇ ಬಂದೆ ಅಂದಳು. ಅಧಿಕಾರಿಯ ತುಟಿ ಕೊಂಕಿತು. ನಾನು ಟಿಕೆಟ್ ತೋರಿಸೆಂದೆ.

“ನನ್ನ ಕಡೆ ಟಿಕೆಟ್ ಕೇಳ್ತೀ ಏನೋ?”

ಆದರೂ ಪರಿಚಯವಿಲ್ಲದ ಮನುಷ್ಯನೆದುರು ತನ್ನ ಕೈಚೀಲ ಸುರುವಿದಳು. ಅಡಿಕೆ ಚೂರು, ಗುಳಿಗೆ, ಕುಂಕುಮದ ಪೊಟ್ಟಣ. ಟಿಕೆಟ್ ಇರಲಿಲ್ಲ.

“ವಯಸ್ಸಾಗ್ಯಾದ್ರಿ, ನೆನಪಿರಂಗಿಲ್ಲ. ಜೀಪಿಗಿ ಬಂದಿರಬೇಕು. ಆ ಚಹಾದವನೂ ಸುಳ್ಳ. ಅವನ್ನ ತೆಗೀತೀನ್ರಿ,” ಎಂದು ಅಧಿಕಾರಿಗೆ ಹೇಳಿದೆ, ಅವಳು ಕೇಳುವಂತೆಯೇ.

ಅಕ್ಕ ಸುರುವಿದ್ದನ್ನು ಒಂದೊಂದಾಗಿ ಕೈಚೀಲಕ್ಕೆ ತುಂಬಿಕೊಂಡಳು. ಮರುದಿನ ಚಹಾವನ್ನೂ ಕುಡಿಯದೆ ಹೊರಟಳು. ಮತ್ತೆ ನನ್ನ ಮನೆ ಮೆಟ್ಟಿಲು ಹತ್ತಲಿಲ್ಲ. ಚಾಚಾರನ್ನು ಹೇಳಿದಂತೆಯೇ ಕೆಲಸದಿಂದ ಬಿಡಿಸಿದೆ. ಅಧಿಕಾರಿ ಬಂದಿದ್ದ ದಿನವೇ ಸಂಜೆ ಡಿಪೋಗೆ ಹೋಗಿ ನೋಡಿದ್ದೆ: ಅದೇ ನಂಬರಿನ ಬಸ್ಸು, ಹಿಂದಿನ ಗಾಲಿಗಳಿಲ್ಲದೆ ಮರದ ದಿಮ್ಮಿಗಳ ಮೇಲೆ ನಿಂತಿತ್ತು.

ನಾಲ್ಕು ದಿನದ ನಂತರ ಕಂಪ್ಯೂಟರಿಗೆ ಜೋಡಿಸಿದ್ದ ಮೊಬೈಲು ಮೆಸೇಜ್‌ಗಳಿಂದ ತುಂಬಿಹೋಗಿದೆಯೆಂದು ಗೊತ್ತಾಗಿ ಹಳೆಯವನ್ನು ಅಳಿಸಿದೆ. ತಡೆದು ನಿಂತಿದ್ದವು ಒಂದೊಂದಾಗಿ ಬಂದವು. ಮೊದಲನೆಯದು ಬಂಕಿನ ಗುಮಾಸ್ತನದು. ಅದೇ ಮಧ್ಯಾಹ್ನದ್ದು, ಅದೇ ನಂಬರು. ಅವನಿಗೆ ಫೋನ್ ಮಾಡಿದೆ. “ಹೌದ್ರೀ ಸರ, ನಮ್ಮ ಮುಂದೇ ಹೋಯ್ತಲ್ಲ. ಜನ ಭರ್ತಿ ಇತ್ತು,” ಅಂದ.

ಅಷ್ಟರಲ್ಲಿ, ಚಾಚಾರನ್ನು ತೆಗೆದೆನೆಂದು, ಅಧಿಕಾರಿ ಪುಟಕ್ಕೆ ಒಪ್ಪಿಗೆ ಕೊಟ್ಟಾಗಿತ್ತು. ನಾನು ಆ ಮೆಸೇಜನ್ನೂ ಅಳಿಸಿದೆ. ಪುಟ ಕೆಲವು ತಿಂಗಳು ನಡೆದು ನಿಂತುಹೋಯಿತು. ಆಮೇಲೆ ಎಷ್ಟೋ ಸಲ ಕಮಲಾಪುರಕ್ಕೆ ಹೋಗಿ ಅಕ್ಕನೆದುರು ಕೂತು, ಆ ಮೆಸೇಜಿನ ಮಾತು ಎತ್ತದೆಯೇ ಎದ್ದು ಬಂದಿದ್ದೇನೆ. ಈಗ ಅವಳೂ ಇಲ್ಲ. ಅದು ಯಾವ ಬಸ್ಸು, ಅದರಲ್ಲಿ ತುಂಬಿದ್ದ ಜನ ಯಾರು, ನನಗೆ ತಿಳಿದಿಲ್ಲ. ಅವರ ಪಕ್ಕ ಒಂದು ತಾಸು ಕೂತು ಬಂದವಳನ್ನು ನಾನು ಕೇಳಿದ್ದು ಟಿಕೆಟ್ ಒಂದೇ.