ಅಮೃತ ತುಂಬಿಕೊಟ್ಟ ಎರಡು ಡಬ್ಬಿ

ಪೂರಿಗಾಲಿಯ ಅಮೃತಳದು ದೊಡ್ಡ ಬಾಯಿ. ಯಾರಿಗಾದರೂ ಕಷ್ಟವೆಂದರೆ ಹಿಂದೆಮುಂದೆ ನೋಡದೆ ನುಗ್ಗುವ ಹುಡುಗಿ. ಅವಳ ಡಿಗ್ರಿ ಕಾಲೇಜಿನ ಹೆಣ್ಣುಮಕ್ಕಳ ಕಕ್ಕಸಿಗೆ ಚಿಲಕವೇ ಇರಲಿಲ್ಲ. ಉಳಿದವರು ಬಸ್ಸು ಹತ್ತಿದಾಗಿನಿಂದ ಗುಟುಕು ನೀರೂ ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುತ್ತಿದ್ದರು. ಅಮೃತ ಮಾತ್ರ ಬಾಗಿಲಿಗೆ ಕಾಲು ಒತ್ತಿಕೊಂಡು ಕೂತು ಬರುತ್ತಿದ್ದಳು.

ಮೂರನೇ ವರ್ಷದಲ್ಲಿ ಮೂತ್ರ ಪರೀಕ್ಷೆಗೆಂದು ಲ್ಯಾಬಿನವರು ಕಾಲೇಜಿಗೆ ಬಂದರು. ಉರಿ, ನೋವು, ಜ್ವರ ಏನೂ ಇಲ್ಲದಿದ್ದರೂ ಕೆಲವರ ಮೂತ್ರದಲ್ಲಿ ರೋಗಾಣು ಇರುತ್ತದಂತೆ, ಅಂಥವರನ್ನು ಹುಡುಕಬೇಕಂತೆ. ಎಲ್ಲರ ಕೈಗೂ ಒಂದೊಂದು ಡಬ್ಬಿ ಕೊಟ್ಟರು. ಹಿಂದಿನ ಬೇಸಿಗೆಯಲ್ಲಿ ಮದುವೆಯಾಗಿದ್ದ ಗೆಳತಿ ಚಂದನಳಿಗೆ ಎಷ್ಟು ಹೊತ್ತು ಕೂತರೂ ಹನಿ ಬರಲಿಲ್ಲ.

“ತಾ ಇಲ್ಲಿ, ನಿಂದೂ ನಾನೇ ತುಂಬ್ಕೊಡ್ತೀನಿ. ಅದ್ರಲ್ಲೇನು ಎಸ್ರು ಬರ್ದಿರ್ತದಾ?” ಎಂದಳು ಅಮೃತ.

ಇಬ್ಬರೂ ಬಿದ್ದುಬಿದ್ದು ನಕ್ಕರು. ವಾರ ಕಳೆದು ಬಂದ ಎರಡೂ ಚೀಟಿಯಲ್ಲಿ ರೋಗಾಣು ಇಲ್ಲವೆಂದಿತ್ತು.

ಅದೇ ತಿಂಗಳು ಚಂದನ ಬಸುರಿಯೆಂದು ತಿಳಿಯಿತು. ಬಸುರಿಯರಿಗೆ ನೋವಿಲ್ಲದ ರೋಗಾಣುವೂ ಅಪಾಯ, ಮೂತ್ರವನ್ನು ಪರೀಕ್ಷೆಗೆ ಮಂಡ್ಯಕ್ಕೆ ಕಳಿಸೋಣ ಎಂದರು ಆಸ್ಪತ್ರೆಯ ನರ್ಸು. ಚಂದನಳ ಅತ್ತೆ ಚಿಕ್ಕಬೋರಮ್ಮ ಕಾಲೇಜಿನ ಚೀಟಿಯನ್ನು ಮುಂದಿಟ್ಟರು.

“ಮೊನ್ನೆ ತಾನೆ ಪರೀಕ್ಸೆ ಆಗ್ಯದೆ ಕಣವ್ವ. ಏನೂ ಇಲ್ಲ ಅಂತ ಬರ್ದವ್ರೆ.”

ನರ್ಸು ಒಪ್ಪಿ ಅದನ್ನೇ ತಾಯಿ ಕಾರ್ಡಿಗೆ ಪಿನ್ನು ಹೊಡೆದರು. ಜೊತೆಗೆ ಬಂದಿದ್ದ ಅಮೃತಳ ನಾಲಿಗೆಯ ತುದಿಗೆ ಮಾತು ಬಂತು. ಚಂದನ ಅವಳ ತೊಡೆ ಚಿವುಟಿದಳು. ಬೇರೆಯವಳ ಉಚ್ಚೆ ಕೊಟ್ಟೆನೆಂದು ಅತ್ತೆಯ ಮುಂದೆ ಹೇಗೆ ಹೇಳುವುದು? ನೋವಿಲ್ಲ, ಉರಿಯಿಲ್ಲ, ಏನಾದೀತು ಎಂದುಕೊಂಡು ಅಮೃತ ಸುಮ್ಮನಾದಳು. ಊರಿಗೆಲ್ಲ ಬುದ್ಧಿ ಹೇಳುವವಳು ಹೇಳಲೇಬೇಕಾದ ಮಾತನ್ನು ನುಂಗಿಬಿಟ್ಟಳು. ಆ ನಾಚಿಕೆಗಿಷ್ಟು ಬೆಂಕಿ ಹಾಕ!

ಏಳನೇ ತಿಂಗಳಲ್ಲಿ ಚಂದನಳಿಗೆ ನಡುಕದ ಜ್ವರ ಬಂತು. ಪಕ್ಕೆ ಹಿಡಿದುಕೊಂಡು ಹೊರಳಾಡಿದಳು. ಮಂಡ್ಯಕ್ಕೆ ಸಾಗಿಸಿದರು. ರೋಗಾಣು ಮೊದಲಿನಿಂದಲೂ ಇದ್ದು ಈಗ ಮೂತ್ರಪಿಂಡಕ್ಕೆ ಏರಿರಬೇಕು ಎಂದರು ಡಾಕ್ಟರು. ಅವತ್ತೇ ಹೆರಿಗೆಯಾಯಿತು. ಹೆಣ್ಣುಕೂಸು ಎರಡು ದಿನ ಉಸಿರಾಡಿತು, ಅಷ್ಟೇ.

ಎಲ್ಲವನ್ನೂ ಹೇಳಿಬಿಡಬೇಕೆಂದೇ ಅಮೃತ ಅವರ ಮನೆಗೆ ಹೋದಳು. ಚಿಕ್ಕಬೋರಮ್ಮ ಅವಳ ಕೈ ಹಿಡಿದುಕೊಂಡು, “ಪರೀಕ್ಸೆ ಮಾಡ್ಸೂ ಇಂಗಾಯ್ತಲ್ಲವ್ವ” ಎಂದು ಗೊಳೋ ಎಂದು ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕಾಫಿ ಕಾಯಿಸಲು ಒಳಗೆ ಹೋದರು.

“ಇವತ್ತು ಯೋಳ್ಬುಡ್ತೀನಿ ಕಣಮ್ಮಿ, ತಪ್ಪು ನಂದು” ಎಂದಳು ಅಮೃತ.

ಚಾಪೆಯ ಮೇಲಿದ್ದ ಚಂದನ ತಲೆಯನ್ನೂ ಎತ್ತಲಿಲ್ಲ. “ಬ್ಯಾಡ. ಕೂಸಂತೂ ಓಯ್ತು. ನಾನಾರ ಈ ಮನೇಲಿ ಬಾಳ್ಬೇಕಲ್ಲ.”

ಚಿಕ್ಕಬೋರಮ್ಮ ಲೋಟ ತಂದುಕೊಟ್ಟರು. “ಕುಡಿಯವ್ವ. ನೀನೊಬ್ಳಾರ ಅವ್ಳ ಜೊತೇಲಿದ್ದಲ್ಲ.”

ಅಮೃತ ಕುಡಿದಳು.